ಮೀನುಮನೆಯ ಪುಕ್ಕಟೆ ಭಾನುವಾರ

“ಮತ್ತೆ ಬಂದ್ಯಾ? ನಿಂತ್ಕೋ ಅಲ್ಲೇ!” ಬೆನಕಪ್ಪ ಗೇಟಿಗೆ ಕೈ ಅಡ್ಡ ಹಿಡಿದ.

ಕಳೆದ ಭಾನುವಾರ ವಾಪಸು ಕಳಿಸಿದ್ದ ಅದೇ ಹೆಂಗಸು, ಅದೇ ಪುಟ್ಟ ಹುಡುಗಿ. ಅವಳು ಜಗಳೂರಿನಿಂದ ಬಂದವಳೆಂದು ಬಸ್ಸಿನ ಕಂಡಕ್ಟರನೇ ಅವನಿಗೆ ಹೇಳಿದ್ದ.

ಮಕ್ಕಳ ವರ್ಷವೆಂದು ಪುರಸಭೆಯವರು ಚನ್ನಗಿರಿಯಲ್ಲಿ ಗಾಜಿನ ತೊಟ್ಟಿಗಳಲ್ಲಿ ಬಣ್ಣದ ಮೀನು ತೋರಿಸುವ ಮೀನುಮನೆ ಕಟ್ಟಿಸಿ, ಭಾನುವಾರ ಊರಿನ ಮನೆತನದವರಿಗೆ ಪ್ರವೇಶ ಪುಕ್ಕಟೆ ಮಾಡಿದ್ದರು. ಬಾಗಿಲಲ್ಲಿ ಮನೆ ಯಜಮಾನನ ಹೆಸರು ಹೇಳಿದರೆ ಸಾಕು, ಊರಿನ ಒಂದೊಂದು ಮನೆಯೂ ಬೆನಕಪ್ಪನಿಗೆ ಗೊತ್ತು. ಹೊರಗಿನವರು ಒಬ್ಬರು ನುಸುಳಿದರೂ ಅವನ ಕೆಲಸಕ್ಕೆ ಸಂಚಕಾರ. ಆದರೆ ನುಸುಳುವುದು ಅಷ್ಟು ಸುಲಭವೇ? ಬೆನಕಪ್ಪ ಬೇಡವೆಂದರೆ ಬೇಡ. ಕೇಳದೆ ಮದುವೆಯಾದನೆಂದು ಸ್ವಂತ ಮಗನಿಗೇ ಹೊಸಿಲು ತುಳಿಯಗೊಡದವನು, ಹೊನ್ನಾಳಿಯಿಂದ ಬಂದ ಷಡ್ಡಕನಿಗೂ ಮುಲಾಜಿಲ್ಲದೆ ಟಿಕೆಟ್ ಹರಿದು ಕೊಟ್ಟ ಆಸಾಮಿ. ಇಂಥವನ ಮುಂದೆ ಈ ಹೆಂಗಸಿನ ಆಟ ನಡೆದೀತೇ?

“ಯಾರ ಮನೆಯೋರು?”

ಹೆಂಗಸು ತಲೆ ಮೇಲೆ ಸೆರಗು ಎಳೆದುಕೊಂಡಳು. “ಈ ಊರೋರೇ.”

“ಯಜಮಾನನ ಹೆಸರು ಹೇಳು.”

“ಗಂಡನ ಹೆಸರು ಹೆಂಗೆ ಹೇಳ್ಲಿ?”

“ಹೋಗ್ಲಿ, ಮಾವನ ಹೆಸರು ಹೇಳು.”

“ಅದನ್ನಂತೂ ಹೇಳಾಕಾಗಲ್ಲ.”

ಬೆನಕಪ್ಪನಿಗೆ ಮೈ ಉರಿದುಹೋಯಿತು. ಬೇರೆ ಹೆಂಗಸರಾದರೆ ಇಂಥ ಹೊತ್ತಿನಲ್ಲಿ ಪಕ್ಕದವರ ಬಾಯಲ್ಲಿ ಹೇಳಿಸುತ್ತಿದ್ದರು. ಇವಳಿಗೆ ಮನೆ ಅಂತ ಒಂದಿದ್ದರಲ್ಲವೇ! ಅವಳ ಹಿಂದೆ ನಿಂತಿದ್ದ, ಬೆನಕಪ್ಪನ ನೆರೆಮನೆಯ ಕೆಂಪಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನೆಲ ನೋಡುತ್ತಿದ್ದಳು. ಸಾಲಿನಲ್ಲಿ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಊರೆಲ್ಲ ತನ್ನ ಕಡೆಗಿದೆ ಎಂದು ಅವನ ದನಿ ಇನ್ನಷ್ಟು ಏರಿತು.

“ದುಡ್ಡು ಕೊಟ್ಟು ಒಳಗೆ ಹೋಗು. ಇಲ್ಲಾಂದ್ರೆ ಜಗಳೂರು ದಾರಿ ಹಿಡಿ.”

“ದುಡ್ಡು ಐತ್ರೀ. ದುಡ್ಡು ಕೊಟ್ಟು ಹೋಗಾಕೆ ನನ್ನ ಮಗಳು ಹೊರಗಿನೋಳಲ್ಲ. ನಾಕು ಜನದ ಹಂಗೇ ಅವಳೂ ಹೋಗ್ಬೇಕು.”

“ನಾಚಿಕೆ ಆಗಲ್ವಾ? ಮಗೀನ್ನ ಮುಂದಿಟ್ಕೊಂಡು ಸುಳ್ಳು ಹೇಳ್ತೀಯಲ್ಲ! ಈ ಊರಾಗೆ ಇದಕ್ಕೊಬ್ಬ ಅಜ್ಜ ಇದ್ದಿದ್ರೆ ಹಿಂಗೆ ಬಿಸಿಲಾಗೆ ನಿಲ್ಸಿ ನೋಡ್ತಿದ್ನಾ? ಇದ್ರೂ ಅವನೆಂಥ ಮನುಷ್ಯ? ಥೂ!”

ಸಾಲಿನಲ್ಲಿ ಯಾರೋ ಕೆಮ್ಮಿದರು. ಹೆಂಗಸಿನ ಮುಖ ಕೆಂಪಾಯಿತು. ಅವಳು ಹುಡುಗಿಯ ಭುಜ ಹಿಡಿದು ಮುಂದಕ್ಕೆ ತಂದು ನಿಲ್ಲಿಸಿದಳು.

“ನಿಮ್ಮಪ್ಪ ಕಲಿಸ್ಯಾರಲ್ಲ, ನೀನೇ ಹೇಳವ್ವ. ನನಗಿದ್ದಂಗೆ ನಿನಗೇನೂ ಅಡ್ಡಿ ಇಲ್ಲ.”

ಹುಡುಗಿ ಮೇಷ್ಟ್ರಿಗೆ ಪಾಠ ಒಪ್ಪಿಸುವವಳಂತೆ ಕೈಕಟ್ಟಿ ನಿಂತು ಗಟ್ಟಿಯಾಗಿ ಹೇಳಿದಳು: “ನಮ್ಮಜ್ಜನ ಹೆಸರು ಕೋಟೆ ಓಣಿ ಬೆನಕಪ್ಪ. ಮೀನುಮನೆ ಗೇಟು ಕಾಯ್ತಾರೆ.”