ಕಂಪ್ಯೂಟರಿನಲ್ಲಿ ಗಂಡ

ಉಗ್ರಪ್ಪನನ್ನು ಅಳಿಸಲು ಬೋರಕ್ಕ ಸುತರಾಂ ಒಪ್ಪಲಿಲ್ಲ.

ಬಿ.ಜಿ. ಕೆರೆಯ ಶಾಲೆಗೆ ಬಂದಿದ್ದ ಒಂದೇ ಒಂದು ಕಂಪ್ಯೂಟರನ್ನು ಬೇಸಿಗೆ ರಜೆಯಲ್ಲಿ ಮಹಿಳಾ ಸಂಘದವರಿಗೂ ಕಲಿಸಬೇಕೆಂದು ಮೇಲಿನಿಂದ ಆದೇಶವಾಗಿತ್ತು. ಕಲಿಸಲು ಚಳ್ಳಕೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದವಳು ತೇಜಶ್ರೀ. ಆಗತಾನೆ ಡಿಪ್ಲೊಮಾ ಮುಗಿಸಿದ ಹುಡುಗಿ, ಮೊದಲ ಕೆಲಸ. ಕೀಬೋರ್ಡಿನ ಗುಂಡಿಗಳ ಮೇಲೆಲ್ಲ ಕನ್ನಡ ಅಕ್ಷರದ ಚೀಟಿ ಅಂಟಿಸಿ, "ನಿಮಗಿಷ್ಟವಾದ ಒಂದು ಹೆಸರು ಬರೀರಿ" ಎಂದಿದ್ದಳು. ಎಡವಟ್ಟಾದದ್ದು ಅಲ್ಲೇ. ಮದುವೆಯಾದಾಗಿನಿಂದ ಬಾಯಲ್ಲಿ ಹೇಳದೆ ಕಾಪಾಡಿಕೊಂಡು ಬಂದಿದ್ದ ಗಂಡನ ಹೆಸರನ್ನು ಬೋರಕ್ಕ ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದಳು. ಪರದೆಯ ಮೇಲೆ ಮೂಡಿದ್ದನ್ನು ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಭೇಷ್! ಈಗ ಈ ಗುಂಡಿ ಒತ್ತಿ ಅದನ್ನ ಅಳ್ಸಿ. ಮುಂದಿನೋರು ಬರ್ಲಿ" ಎಂದಳು ತೇಜಶ್ರೀ.

ಬೋರಕ್ಕ ಎರಡೂ ಕೈಯಿಂದ ಕೀಬೋರ್ಡ್ ಮುಚ್ಚಿದಳು. "ಎಂಥಾ ಮಾತು ಆಡ್ತೀಯಾ ಮೇಡಮ್ಮಾ? ತಾಳಿ ಕಟ್ಟಿದೋರ ಹೆಸರ್ನ ಕೈಯಾರೆ ಅಳಿಸ್ತಾರೇನು? ಅವ್ರು ಬೋರ್ ಕೊರೆಯೋ ಲಾರಿ ಜೊತೆ ಅನಂತಪುರದ ಕಡೆ ಹೋಗಿ ತಿಂಗ್ಳಾತು. ಒಂದು ಫೋನಿಲ್ಲ, ಸುದ್ದಿಯಿಲ್ಲ. ಅಲ್ಲೇನಾದ್ರೂ ಹೆಚ್ಚುಕಮ್ಮಿ ಆದ್ರೆ ನೀನು ಬಂದು ಹೊಣೆ ನಿಲ್ತೀಯಾ?"

"ಅದು ಬರೀ ಅಕ್ಷರ, ಬೋರಕ್ಕ."

"ತಾಳೀನೂ ಬರೀ ದಾರಾನೇ. ಕಿತ್ತು ಬಿಸಾಕಾಕಾಗ್ತೈತಾ?"

ಹಿಂದೆ ಚಾಪೆಯ ಮೇಲೆ ಸರದಿಗಾಗಿ ಕಾದಿದ್ದ ಹೆಂಗಸರೆಲ್ಲ "ಹೂಂ ಮತ್ತೆ" ಎಂದು ತಲೆಯಾಡಿಸಿದರು. ಗಂಡನ ಹೆಸರು ಹೇಳಿದರೆ ಆಯುಸ್ಸು ಕಡಿಮೆ. ಅಳಿಸಿದರೆ ಆಯುಸ್ಸೇ ಇಲ್ಲ. ಲೆಕ್ಕ ಸರಿಯಾಗೇ ಇತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಮೇಜಿನ ಕೆಳಗಿದ್ದ ಬ್ಯಾಟರಿ ಪೆಟ್ಟಿಗೆ ಕುಂಯ್ ಕುಂಯ್ ಎನ್ನತೊಡಗಿತು.

"ಯಾಕವ್ವಾ ಅದು ಹಂಗೆ ಬಡ್ಕಂತೈತೆ?"

"ಇನ್ನು ಸ್ವಲ್ಪ ಹೊತ್ತಿಗೆ ಎಲ್ಲಾ ಆರಿಹೋಗುತ್ತೆ ಅಂತ."

"ಅಯ್ಯೋ, ನಮ್ಮೋರು?"

ಅವಳ ಮುಖ ಕಂಡು ತೇಜಶ್ರೀಗೆ ನಗು ಬರಬೇಕಿತ್ತು. ಬರಲಿಲ್ಲ, ಪಾಪ ಎನಿಸಿತು. "ಒಳಗೆ ಜೋಪಾನವಾಗಿ ಇಡ್ತೀನಿ, ತಡೀರಿ" ಎಂದು ಅವಸರದಲ್ಲಿ ಸೇವ್ ಮಾಡಿದಳು. ಪರದೆ ಕಪ್ಪಾಯಿತು. ಬೋರಕ್ಕ ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತಳು, ಕರೆಂಟಿನವರಿಗೆ ವಾಚಾಮಗೋಚರವಾಗಿ ಬೈದಳು, ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಕೊನೆಗೂ ಕರೆಂಟು ಬಂದಾಗ ತೇಜಶ್ರೀ ಹೆಸರನ್ನು ತೆರೆದು ತೋರಿಸಿದಳು. ಉಗ್ರಪ್ಪ ಒತ್ತಕ್ಷರ ಸಮೇತ ಕ್ಷೇಮವಾಗಿದ್ದ. ಬೋರಕ್ಕ ಪರದೆ ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಆದ್ರೂ ಅಳಿಸೋದು ಕಲೀಲೇಬೇಕಲ್ರೀ" ಎಂದು ತೇಜಶ್ರೀ ತಲೆ ಕೆರೆದುಕೊಂಡಳು. "ಹೋಗ್ಲಿ, ನಿಮ್ಮ ನಿಮ್ಮ ಹೆಸರೇ ಬರ್ದು ಅಳ್ಸಿ."

"ಅದನ್ನ ಮೊದ್ಲೇ ಹೇಳಬಾರ್ದಾ!" ಉಗ್ರಪ್ಪನನ್ನು ಮತ್ತೆ ಒಳಗೆ ಕಳಿಸಿದ ಮೇಲೆ ಬೋರಕ್ಕ ತನ್ನ ಹೆಸರು ಒತ್ತಿದಳು, ಪಟಪಟನೆ ಅಳಿಸಿದಳು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಂದು ತಮ್ಮ ಹೆಸರು ಬರೆದು, ನೀರು ಕುಡಿದಷ್ಟು ಸುಲಭವಾಗಿ ಅಳಿಸಿ, ನಗುತ್ತಾ ಎದ್ದು ಮತ್ತೆ ಚಾಪೆಗೆ ಹೋಗಿ ಕೂತರು. ಒಬ್ಬರೂ ಹಿಂದೆಮುಂದೆ ನೋಡಲಿಲ್ಲ. ಪಾಠ ಮುಗಿಯುತ್ತಾ ಬಂದ ಸಂತೋಷ ತೇಜಶ್ರೀಗೆ ಯಾಕೋ ಆಗಲಿಲ್ಲ.

ಕಡೆಯವಳು ರೇಣುಕಮ್ಮ. ಅವಳ ಗಂಡ ದೊಡ್ಡೀರಪ್ಪ ಕುಡಿದು ಬಂದನೆಂದರೆ ಇಡೀ ಓಣಿಗೆ ನಿದ್ದೆಯಿರುತ್ತಿರಲಿಲ್ಲ. ಅವಳ ಎಡಗಣ್ಣಿನ ಕೆಳಗಿನ ಬಾವು ಇನ್ನೂ ಇಳಿದಿರಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತು ತನ್ನ ಹೆಸರು ಬರೆದಳು. "ಇದು ಹಂಗೇ ಇರ್ಲಿ ಬಿಡು" ಎಂದಳು. ಅದರ ಕೆಳಗೆ, ಒಂದೊಂದೇ ಅಕ್ಷರ ಹುಡುಕಿ, ದೊಡ್ಡೀರಪ್ಪನನ್ನು ಬರೆದಳು. ಚಾಪೆಯ ಮೇಲಿನ ನಗು ಗಪ್ಪಂತ ನಿಂತಿತು.

"ಮೇಡಮ್ಮಾ," ಎಂದಳು ರೇಣುಕಮ್ಮ, "ಆ ಅಳಿಸೋ ಗುಂಡಿ ಒಂದ್ಸಲ ಒತ್ತಿದ್ರೆ ಸಾಕಾ, ಒತ್ತಿ ಹಿಡ್ಕಾಬೇಕಾ?"