ಸದ್ದಿಲ್ಲದ ಜಾಡಿ

ಹೆಂಡ ಹಾಕಿದ ಐದನೇ ದಿನ ಬೆಳಿಗ್ಗೆ ಸುನ್‌ದೊಕ್ ಜಾಡಿಗೆ ಕಿವಿಯಿಟ್ಟಾಗ ಒಳಗೆ ಸದ್ದಿರಲಿಲ್ಲ. ನಿನ್ನೆ ಸಂಜೆಯವರೆಗೂ ಹುಲ್ಲುಮಾಡಿನ ಮೇಲೆ ತುಂತುರು ಬಿದ್ದ ಹಾಗೆ ಪಿಟಿಪಿಟಿ ಅನ್ನುತ್ತಿದ್ದ ಜಾಡಿ. ನಂಬಿಕೆಯಾಗದೆ ಇನ್ನೊಂದು ಕಿವಿಯನ್ನೂ ಇಟ್ಟಳು. ಬತ್ತಿದ ಬಾವಿಗೆ ಕಿವಿಗೊಟ್ಟ ಹಾಗಿತ್ತು.

ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಮೇಲೆ ಸುಕ್ಕುಸುಕ್ಕಾದ ತೆಳು ಪೊರೆ, ಅದರಂಚಿನಲ್ಲಿ ನಸುಗೆಂಪು. ಅಕ್ಕಿಹೆಂಡಕ್ಕೂ ಹುಳಿ ಇರುತ್ತದೆ, ಆ ಹುಳಿಗೆ ಬಾಯಲ್ಲಿ ನೀರೂರುತ್ತದೆ. ಈ ಹುಳಿ ವಾಸನೆಗೆ ಮುಖ ತಿರುಗಿಸಬೇಕಾಯಿತು. ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. ಉಪ್ಪು. ಅಕ್ಕಿಯಲ್ಲಿ ಉಪ್ಪಿಲ್ಲ, ಹೆಪ್ಪಿನ ಬಿಲ್ಲೆಯಲ್ಲಿ ಉಪ್ಪಿಲ್ಲ, ಒರತೆಯ ನೀರಲ್ಲಿ ಉಪ್ಪಿಲ್ಲ. ಆಮೇಲೆ ಕಣ್ಣಿಗೆ ಬಿತ್ತು: ಜಾಡಿಯ ಒಳಮೈಗೆ ಅಂಟಿಕೊಂಡ ಒಂದು ಮೆಣಸಿನಕಾಯಿ ಚೂರು, ಕತ್ತರಿಸಿ ಬಿಸಾಡಿದ ಉಗುರಿನಷ್ಟು. ಅದು ಕಿಮ್ಚಿಯ, ಉಪ್ಪು ಖಾರ ಹಾಕಿ ಹುಳಿಬರಿಸಿದ ಸೊಪ್ಪಿನ, ಮೆಣಸಿನಕಾಯಿ.

ಗಂಡ ಗಪ್‌ಸು ಯುದ್ಧಕ್ಕೆ ಹೋಗಿ ಏಳು ವರ್ಷವಾಗಿತ್ತು. ಹೆಣವೂ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಸತ್ತ ದಿನ ಗೊತ್ತಿಲ್ಲದವರಿಗೆ ಒಂಬತ್ತನೇ ತಿಂಗಳ ಒಂಬತ್ತನೇ ದಿನ ಎಡೆ ಇಡುವುದು ವಾಡಿಕೆ. ಇನ್ನು ಕಾಯುವುದು ಬೇಡ, ಎಡೆ ಇಟ್ಟುಬಿಡೋಣ ಎಂದು ಮಾವನ ಅಣ್ಣ, ದೊಡ್ಡಮಾವ, ತೀರ್ಮಾನ ಮಾಡಿದ್ದು ಎರಡು ವರ್ಷದ ಹಿಂದೆ. ಎಡೆಗೆ ಕೊಂಡು ತಂದ ಹೆಂಡ ಸಲ್ಲದು, ಸೊಸೆಯೇ ಹಾಕಬೇಕು. ಮೊದಲ ವರ್ಷ ಹೆಂಡ ಕೆಟ್ಟಿತು. ಎರಡನೇ ವರ್ಷವೂ ಕೆಟ್ಟಿತು. ಈ ಸಲ ಸುನ್‌ದೊಕ್ ಅಕ್ಕಿಯನ್ನು ನೂರು ನೀರಿನಲ್ಲಿ ತೊಳೆದಿದ್ದಳು, ಒಣಹುಲ್ಲಿನ ಹೊಗೆಯ ಮೇಲೆ ಜಾಡಿಯನ್ನು ಎರಡೆರಡು ಸಲ ಕವುಚಿಟ್ಟಿದ್ದಳು. ಎಡೆಯಾದರೆ ಅವಳು ಬಿಳಿ ಉಡಬಹುದು, ಬಾಯಿಬಿಟ್ಟು ಅಳಬಹುದು. ಅಲ್ಲಿಯವರೆಗೆ ಅತ್ತರೆ ಬದುಕಿರುವ ಗಂಡನಿಗೆ ಸಾವು ಕರೆದ ಹಾಗೆ. ಏಳು ವರ್ಷದಿಂದ ಅವಳು ಅತ್ತಿರಲಿಲ್ಲ.

ಅಂಗಳದಲ್ಲಿದ್ದ ಕಿಮ್ಚಿ ಜಾಡಿಯ ಮುಚ್ಚಳ ಓರೆಯಾಗಿತ್ತು. ಮನೆಯಲ್ಲಿ ಇರುವುದು ಇಬ್ಬರೇ.

“ಏನಂತೆ ಕಣೇ ಜಾಡಿ?” ಜಗಲಿಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತದೆ ಕೇಳಿದಳು.

“ಸದ್ದಿಲ್ಲ ಅತ್ತೆ.”

“ಈ ವರ್ಷಾನೂ?”

“ಈ ವರ್ಷಾನೂ.”

“ಹೋಗ್ಲಿ ಬಿಡು. ಇಷ್ಟು ವರ್ಷ ಕಾದಿದೀವಿ, ಇನ್ನೊಂದು ವರ್ಷ ಏನು ಭಾರ?” ಮುದುಕಿಯ ದನಿ ಹಗುರವಾಗಿತ್ತು. ಎಡೆ ಇಟ್ಟರೆ ಮಗ ಸತ್ತ. ಇಡದಿದ್ದರೆ ಎಲ್ಲೋ ಬದುಕಿದ್ದಾನೆ. ಹಿಂದಿನ ಎರಡು ವರ್ಷ ಏನಾಗಿತ್ತೆಂದು ಸುನ್‌ದೊಕ್‌ಗೆ ಆಗ ತಿಳಿಯಿತು.

ಮಧ್ಯಾಹ್ನ ದೊಡ್ಡಮಾವ ಬಂದರು. ಒಂದು ಸೌಟು ಎತ್ತಿ ಬಾಯಿಗೆ ಹಾಕಿಕೊಂಡವರೇ ಅಂಗಳಕ್ಕೆ ಉಗಿದರು. ಕೋಳಿಗಳು ಓಡಿ ಬಂದು ಕೊಕ್ಕು ತಾಗಿಸಿ ಹಿಂದಕ್ಕೆ ಸರಿದವು. ಹೊಗೆಸೊಪ್ಪು ಎಳೆದೆಳೆದು ರುಚಿ ಸತ್ತಿದ್ದ ಅವರ ನಾಲಿಗೆಗೆ ಉಪ್ಪು ತಿಳಿಯಲಿಲ್ಲ.

“ಹೆಪ್ಪು ಕೊಟ್ಟಿದ್ದು ನಮ್ಮನೆಯಿಂದ. ಅದೇ ಹೆಪ್ಪಲ್ಲಿ ನಮ್ಮನೆ ಜಾಡಿ ಜೇನಿನ ಹಾಗೆ ಬಂದಿದೆ. ಇನ್ನು ಉಳಿದಿದ್ದು ನಿನ್ನ ಕೈ.”

ಸುನ್‌ದೊಕ್ ಜಾಡಿಯ ಒಳಮೈಗಂಟಿದ್ದ ಚೂರನ್ನು ಹೆಬ್ಬೆರಳಿನಿಂದ ಕೆರೆದು ತೆಗೆದಳು.

“ಊರಲ್ಲಿ ಏನಂತಾರೆ ಗೊತ್ತೇನು? ಮನಸ್ಸಲ್ಲಿ ಬೇರೆ ಗಂಡಸಿದ್ದೋಳು ಹೆಂಡ ಹಾಕಿದ್ರೆ ಹಿಂಗೇ ಆಗೋದು ಅಂತಾರೆ. ನಾನು ಹೇಳ್ತಿಲ್ಲ, ಊರು ಹೇಳ್ತಿದೆ.”

ಜಗಲಿಯ ಮೇಲೆ ಬೆಳ್ಳುಳ್ಳಿ ಸುಲಿಯುವ ಸದ್ದು ನಿಂತಿತು. ಮೆಣಸಿನಕಾಯಿ ಚೂರು ಇನ್ನೂ ಸುನ್‌ದೊಕ್‌ಳ ಹೆಬ್ಬೆರಳಿಗೆ ಅಂಟಿಕೊಂಡಿತ್ತು. ಕೈ ಮುಂದೆ ಚಾಚಿದರೆ ಸಾಕು, ಅವಳ ಮೇಲಿನ ಮಾತು ಕಳೆಯುತ್ತದೆ. ತೆರೆದ ಬಾಗಿಲಿನಿಂದ ಒಳಕೋಣೆ ಕಾಣುತ್ತಿತ್ತು. ಒಲೆಯ ಶಾಖ ಹಾಯುವ ನೆಲದ ಮೇಲೆ ಮಡಿಸಿಟ್ಟ ರಜಾಯಿ, ಅದರಡಿ ಹುದುಗಿಸಿಟ್ಟ ಹಿತ್ತಾಳೆ ಬಟ್ಟಲು. ಬಟ್ಟಲಲ್ಲಿ ಗಪ್‌ಸುವಿನ ಅನ್ನ. ಬಂದವನು ತಣ್ಣಗಿನದು ಉಣ್ಣಬಾರದೆಂದು ಏಳು ವರ್ಷದಿಂದ ಪ್ರತಿ ಹೊತ್ತೂ ಮುದುಕಿ ಹೀಗೆಯೇ ಮುಚ್ಚಿಡುತ್ತಿದ್ದಳು.

ಸುನ್‌ದೊಕ್ ಹೆಬ್ಬೆರಳನ್ನು ಲಂಗಕ್ಕೆ ಒರೆಸಿಕೊಂಡಳು.

“ಹೌದು ದೊಡ್ಡಮಾವ. ನನ್ನ ಕೈಯೇ.”

“ಹಂಗಾದ್ರೆ ಮುಂದಿನ ವರ್ಷ ನೀನು ಜಾಡಿ ಮುಟ್ಟಬೇಡ. ನಿಮ್ಮ ಅಕ್ಕಿ ನಮ್ಮನೆಗೆ ಬರಲಿ, ನನ್ನ ಸೊಸೆ ಹಾಕ್ತಾಳೆ.” ಅವರು ಜಗಲಿಯ ಕಡೆ ತಿರುಗಿದರು. “ಏನಮ್ಮಾ, ಸರಿ ತಾನೆ?”

“ನೀವು ಹೇಳಿದ ಮೇಲೆ ಇನ್ನೇನು ಭಾವ,” ಎಂದಳು ಮುದುಕಿ.

ಅವರು ಹೋದ ಮೇಲೆ ಸುನ್‌ದೊಕ್ ಹೆಂಡವನ್ನೆಲ್ಲ ಬೂದಿಗುಂಡಿಗೆ ಸುರಿದು ಬಂದು, ಹುಲ್ಲಿನ ಹಿಡಿಯಿಂದ ಜಾಡಿ ಉಜ್ಜಲು ಕೂತಳು. ಅತ್ತೆ ಸೋರೆಬುರುಡೆಯಲ್ಲಿ ನೀರು ತಂದು ಹೊಯ್ದಳು. ಅವಳ ರವಿಕೆತೋಳಿನ ಅಂಚು ಕೆಂಪಾಗಿತ್ತು. ಸೊಸೆ ನೋಡಿದ್ದನ್ನು ಅವಳೂ ನೋಡಿದಳು. ತೋಳನ್ನು ಮಡಿಸಿಕೊಳ್ಳಲಿಲ್ಲ. ಒಂದು ನೀರಾಯಿತು, ಎರಡು ನೀರಾಯಿತು.

ಮೂರನೇ ನೀರು ಹೊಯ್ಯುತ್ತ ಮುದುಕಿ ಕೇಳಿದಳು: “ನಿಮ್ಮ ದೊಡ್ಡಮಾವನ ಮನೇಲಿ ಹೆಂಡದ ಜಾಡಿ ಎಲ್ಲಿಡ್ತಾರೆ?”

ಉಜ್ಜುವ ಕೈ ಒಂದು ಗಳಿಗೆ ನಿಂತು ಮತ್ತೆ ಆಡಿತು.

“ಹಿತ್ತಿಲ ಕೊಟ್ಟಿಗೇಲಿ. ಅಲ್ಲಿ ನಾಯಿ ಕಟ್ಟಿರ್ತಾರೆ ಅತ್ತೆ, ಕಚ್ಚುತ್ತೆ.”

“ಕಚ್ಚಲಿ,” ಎಂದಳು ಮುದುಕಿ.