ಪುರಾವೆ ಸಾಲದು

ಕಾಲೇಜಿಗೆ ಕವಿತೆಗಳು ಹೆಸರಿಲ್ಲದೆ ಬರುತ್ತಿದ್ದವು, ಪ್ರಬಂಧ ಬರೆಯಲು ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು. ಕವಿತೆ ಸರ್ಕಾರವನ್ನು ಹಂಗಿಸುತ್ತದೆ ಎಂದು ಪ್ರಬಂಧ ಸಾಬೀತು ಮಾಡಿದರೆ ಆ ಕವಿಯ ಮಾತನ್ನು ಆಸ್ಪತ್ರೆಯಲ್ಲಿ ತೆಗೆಯುತ್ತಿದ್ದರು. ಹೋದ ವರ್ಷದ ಕವಿಯೊಬ್ಬ ಈಗ ಬಸ್ ಸ್ಟ್ಯಾಂಡಿನಲ್ಲಿ ಮಜ್ಜಿಗೆ ಮಾರುತ್ತಾನೆ, ಬೆರಳಲ್ಲೇ ಬೆಲೆ ಹೇಳುತ್ತಾನೆ.

ಒಪ್ಪಿಸುವ ಮುಂಚೆ ಪಕ್ಕದವರ ಪ್ರಬಂಧ ತಿದ್ದಿಕೊಡುವುದು ಪದ್ಧತಿ. ಗೆಳತಿ ನೀಲಾಳ ಪ್ರಬಂಧ ಓದಿದ ವೈಜಯಂತಿ ಮುಖ ಸಿಂಡರಿಸಿದಳು. ತನಗೆ ಬಂದದ್ದು ಬರೀ ಬಾವಿಯ ಮೇಲಿನ ಪದ್ಯವೆಂದು ನೀಲಾ ಮೂರು ಪುಟ ಎಳೆದಿದ್ದಳು. ವಾದಕ್ಕೆ ತಲೆಬುಡವಿರಲಿಲ್ಲ. ಕ್ಲಾಸಿಗೇ ಜಾಣೆಯಾದವಳು ಹೀಗೆ ಬರೆಯುವುದೇ? ವೈಜಯಂತಿ ಕೆಂಪು ಶಾಯಿಯಲ್ಲಿ ಅಂಚಿಗೆ ಬರೆದಳು: "ಪುರಾವೆ ಸಾಲದು. ಕೊನೆಯ ಸಾಲು ನೋಡು. ಬಾಯಾರಿದ ಊರಿನ ಬಾವಿಗೆ ಬೀಗ ಹಾಕುವ ಅಧಿಕಾರ ಸರ್ಕಾರಕ್ಕಲ್ಲದೆ ಯಾರಿಗಿದೆ?" ಬರೆದು ಮುಗಿಸಿದಾಗ ಅವಳಿಗೆ ತನ್ನ ಮೇಲೆಯೇ ಹೆಮ್ಮೆಯೆನಿಸಿತು.

ಹಾಳೆ ವಾಪಸು ಪಡೆದ ನೀಲಾ ಬಹಳ ಹೊತ್ತು ಆ ಅಂಚನ್ನೇ ನೋಡಿದಳು. ತಿದ್ದಿದ್ದನ್ನು ಅಳಿಸುವ ಹಾಗಿರಲಿಲ್ಲ. ಅದೂ ಪ್ರಬಂಧದ ಭಾಗವೇ.

"ಆ ಬೀಗ ನನಗೂ ಕಂಡಿತ್ತು ಕಣೇ," ಎಂದಳು. "ಕಾಣದವಳ ಹಾಗೆ ಬರೆಯೋಕೆ ವಾರ ಹಿಡಿಯಿತು."

"ಯಾಕೆ ಹಾಗೆ ಬರೆದೆ?"

"ಪದ್ಯ ನಮ್ಮಮ್ಮಂದು."

ಮೇಷ್ಟ್ರು ಹಾಳೆಗಳನ್ನು ಕೂಡಿಸಿಕೊಂಡು, ಕೆಂಪು ಅಂಚು ನೋಡಿ ವೈಜಯಂತಿಗೆ ಶಹಬ್ಬಾಸ್ ಎಂದು ಹೋದರು.

ನೀಲಾ ಚೀಲ ಹೆಗಲಿಗೇರಿಸಿಕೊಂಡಳು. "ಸಂಜೆ ಮನೆಗೆ ಬಾ. ತನ್ನ ಪದ್ಯ ಸರಿಯಾಗಿ ಓದೋರೇ ಇಲ್ಲ ಅಂತ ಅಮ್ಮ ಯಾವಾಗಲೂ ಕೊರಗ್ತಾಳೆ. ಮಾತಿರುವಾಗಲೇ ಅವಳ ಹತ್ತಿರ ಮಾತಾಡು."